ಒಲೆ ಪುಸ್ತಕದಲ್ಲಿ ಅಣ್ಣ

"ಇದನ್ನ ಯಾರು ಮಾಡಿದ್ದು?"

ಬೆನ್ನ ಹಿಂದಿನಿಂದ ಬಂದ ಗಂಡು ದನಿಗೆ ಬಿಂದುಶ್ರೀ ತಿರುಗಿಯೂ ನೋಡಲಿಲ್ಲ. ಗುಡಿಯ ಪಡಸಾಲೆಯಲ್ಲಿ ಚಾಪೆ ಹಾಸಿ, ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗಿನಿಂದ ಕೂತಿದ್ದಳು ಅವಳು. ಬೆನ್ನು ನೋಯುತ್ತಿತ್ತು. ಹೊಟ್ಟೆ ಹಸಿದಿತ್ತು. ಇಂಥ ಹೊತ್ತಿನಲ್ಲಿ ಯಾರೋ ಬಂದು ಪರೀಕ್ಷೆ ಮಾಡುವುದೆಂದರೆ!

"ನಾನೇ ಮಾಡಿದ್ದು. ಯಾಕೆ?"

"ಇಂಗೆ ಮಾಡಿದ್ರೆ ಮುಂದಕ್ಕೆ ತಪ್ಪಾಯ್ತದೆ."

ಈಗ ತಿರುಗಿದಳು. ನಿಂತಿದ್ದವನ ಕಂಕುಳಲ್ಲಿ ಸ್ಕ್ಯಾನರು, ಕೈಯಲ್ಲಿ ಹೆಲ್ಮೆಟ್ಟು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮುಖದಲ್ಲಿ ಮಾತ್ರ ತಪ್ಪು ಹುಡುಕಿದ ಜಂಬ ಒಂದಿಷ್ಟೂ ಇಲ್ಲ. ಕಾಯಿಲೆಯವರನ್ನು ನೋಡುವ ಡಾಕ್ಟರಂತೆ ಪರದೆಯನ್ನೇ ನೋಡುತ್ತಿದ್ದ.

ಅದೇ ಬಿಂದುವಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಜಗಳ ಆಮೇಲಾಡ್ಕಳಿ!" ಎಂದು ನಗುತ್ತಾ ಬಂದರು ರುದ್ರಸ್ವಾಮಿ. ಗುಡಿಯ ಹಿರಿಯರು, ಎಪ್ಪತ್ತೈದು ದಾಟಿದವರು. "ಇವ್ನೇ ಕಣವ್ವ ಚನ್ನಬಸವ. ತಾಳವಾಡಿ ಬಸ್‌ಸ್ಟ್ಯಾಂಡ್ ತಾವ ಸರ್ಟಿಫಿಕೇಟು, ಆಧಾರ್ ಕಾರ್ಡು ಮಾಡ್ಕೊಡೋ ಇ-ಸೇವೈ ಅಂಗ್ಡಿ ಮಡಗವ್ನೆ. ಪುಸ್ತಕದ ಪುಟಾನೆಲ್ಲ ಪೋಟ ಇಡಿದು ಕೊಡ್ತಾನೆ. ಬಿಂದುಶ್ರೀ ಅಂತ ಕಣ್ಲಾ ಇವ್ಳು, ದೊಡ್ಡಗಾಜನೂರೋಳು. ಇಸ್ಕೂಲಲ್ಲಿ ಕಂಪ್ಯೂಟರ್ ಟೀಚರು. ನಮ್ಮ ಗುಡಿ ಒಕ್ಕಲೇಯ."

ವಿಷಯ ಇಷ್ಟೇ. ಈ ಮಹದೇಶ್ವರನ ಗುಡಿಗೆ ಆರುನೂರು ಮನೆ ಒಕ್ಕಲು. ಎಂಟು ತಲೆಮಾರಿನ ಹಿಂದೆ ಒಬ್ಬನೇ ಮೂಲಪುರುಷ. ಈಗ ಅವನ ಕುಡಿಗಳು ತಾಳವಾಡಿ, ಚಾಮರಾಜನಗರ, ಕೊಳ್ಳೇಗಾಲ, ಸತ್ಯಮಂಗಲ ಅಂತ ಹಬ್ಬಿಕೊಂಡಿದ್ದಾರೆ. ಒಂದೊಂದು ಸೋಮವಾರ ಒಂದೊಂದು ಕವಲಿನವರು ದೇವರಿಗೆ ಎಡೆ ತರಬೇಕು. ಯಾರು ಯಾವ ಕವಲು ಎನ್ನುವುದಕ್ಕೆ ಇದ್ದದ್ದು ಒಂದೇ ಒಂದು ಪುಸ್ತಕ. ಉರಿಯುವ ಒಲೆಗೊಂದು ಸಾಲಿನಂತೆ ಬರೆದದ್ದರಿಂದ ಅದಕ್ಕೆ ಒಲೆ ಪುಸ್ತಕ ಎಂದೇ ಹೆಸರು. ಅದನ್ನು ಗೆದ್ದಲು ತಿನ್ನುತ್ತಿತ್ತು. ತಾವು ಕಣ್ಣು ಮುಚ್ಚುವುದರೊಳಗೆ ಅದು ಕಂಪ್ಯೂಟರಿಗೆ ಏರಬೇಕು ಎನ್ನುವುದು ರುದ್ರಸ್ವಾಮಿಯವರ ಹಟ.

"ಏನ್ ತಪ್ಪಾಗ್ತದೆ ಅಂತ ಹೇಳಿ ಸಾರ್, ಕೇಳೋಣ," ಎಂದಳು ಬಿಂದು. 'ಸಾರ್' ಎನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳಿದಳು.

ಅವನು ಚಾಪೆಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತ.

"ಒಬ್ಬೊಬ್ಬರ ಸಾಲಲ್ಲೂ ಬುಡದಿಂದ ತುದಿ ತನಕ ಇಡೀ ದಾರಿ ಬರ್ದಿದ್ದೀರಿ. ಒಂದು ಚುಕ್ಕಿ ಮೂರು ಚುಕ್ಕಿ ಎರಡು ಅಂತ."

"ಹೂಂ. ಮೊದಲ್ನೇ ಅಜ್ಜನ ಮೂರನೇ ಮಗನ ಎರಡನೇ ಮಗ. ಮೂರನೇ ಕವಲಿನವರೆಲ್ಲ ಯಾರು ಅಂದ್ರೆ, ಒಂದು ಚುಕ್ಕಿ ಮೂರು ಅಂತ ಶುರುವಾಗೋರನ್ನೆಲ್ಲ ಕೊಡು ಅಂತ ಕೇಳಿದ್ರೆ ಆಯ್ತು. ಒಂದೇ ಏಟಿಗೆ ಬರ್ತದೆ."

"ನಡುವೆ ಒಬ್ಬರ ಜಾಗ ತಪ್ಪಿದ್ರೆ?"

"ಅವರ ಕೆಳಗಿನವರದ್ದೆಲ್ಲ ತಿದ್ದಬೇಕು."

"ನೂರು ಜನ ಇದ್ರೆ?"

"ನೂರೂ ತಿದ್ತೀನಿ. ನನ್ನ ಕೈಗೇನು ಮುಳ್ಳು ಚುಚ್ಚಿದೆಯಾ?"

ರುದ್ರಸ್ವಾಮಿ ಬಾಯಿಗೆ ಟವೆಲ್ಲು ಅಡ್ಡ ಇಟ್ಟುಕೊಂಡರು.

"ಬರೀ ಅಪ್ಪನ ನಂಬರ್ ಒಂದನ್ನೇ ಬರ್ದ್ರೆ?" ಎಂದ ಚನ್ನಬಸವ.

"ಆಗ ಎಂಟು ತಲೆಮಾರು ಒಂದೊಂದೇ ಮೆಟ್ಟಿಲು ಹತ್ತಬೇಕು."

"ಅತ್ತೋದು ಕಂಪ್ಯೂಟರ್ ತಾನೆ? ನೀವಲ್ಲವಲ್ಲ!"

ಬಿಂದುವಿಗೆ ನಗು ಬಂತು. ಬಿಡಲಿಲ್ಲ, ನುಂಗಿಕೊಂಡಳು.

"ನನ್ನ ಕೇಳಿದ್ರೆ, ಜನಕ್ಕೊಂದು ಟೇಬಲ್ಲು, ಸಂಬಂಧಕ್ಕೆ ಬೇರೆ ಟೇಬಲ್ಲು," ಎಂದ ಅವನು. "ಯಾರಿಗೆ ಯಾರು, ಯಾವ ಲೆಕ್ಕದಲ್ಲಿ ಅಂತ. ಹುಟ್ಟಿನ ಲೆಕ್ಕವೋ, ಮದುವೆ ಲೆಕ್ಕವೋ, ಒಲೆ ಲೆಕ್ಕವೋ. ವಾರಸುದಾರರ ಸರ್ಟಿಫಿಕೇಟಿಗೆ ಅಂತ ದಿನಾ ನಮ್ಮಂಗ್ಡಿಗೆ ಜನ ಬರ್ತಾರೆ. ಒಬ್ಬ ಮನುಷ್ಯ ಮೂರು ಮನೆಗೆ ಸೇರಿರ್ತಾನೆ ಟೀಚರ್. ಒಂದೇ ದಾರಿ ಬರೆದ್ರೆ ಮಿಕ್ಕಿದ್ದು ಮುಚ್ಚೋಯ್ತದೆ."

"ಪುಸ್ತಕದಲ್ಲಿ ಇರೋದೇ ಒಂದು ಕಾಲಮ್ಮು. 'ಯಾರ ಕೆಳಗೆ' ಅಂತ. ಇಲ್ಲದ್ದನ್ನ ನಾನೆಲ್ಲಿಂದ ತರ್ಲಿ?"

ಅವನು ತಲೆಯಾಡಿಸಿದ.

"ಅದೂ ಸರೀನೇ. ಪುಸ್ತಕ ನಿಮ್ದು, ಗುಡಿ ನಿಮ್ದು. ನಾನು ಈ ಗುಡಿ ಒಕ್ಕಲಲ್ಲ. ನಿಮ್ಮಿಷ್ಟ."

ಇಷ್ಟು ಬೇಗ ಸೋಲೊಪ್ಪಿಕೊಂಡನಲ್ಲ ಎಂದು ಬಿಂದುವಿಗೆ ಗೆದ್ದ ಖುಷಿಯೇ ಆಗಲಿಲ್ಲ. ಆದರೆ ಅವನ ಮಾತಿನಲ್ಲಿ ಒಂದು ಮಾತ್ರ ಮನಸ್ಸಿನಲ್ಲಿ ಉಳಿದುಕೊಂಡಿತು. *ಈ ಗುಡಿ ಒಕ್ಕಲಲ್ಲ.*

ಓದುವ ನಿಮಗೆ ಇದರ ಗುಟ್ಟು ಹೇಳಿಬಿಡಬೇಕು. ಒಂದು ಗುಡಿಯ ಒಕ್ಕಲೆಂದರೆ ಅಲ್ಲಿ ಒಂದು ತಾಯಿ ಮಕ್ಕಳಿದ್ದಂತೆ. ಅವರೊಳಗೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಹಾಗಾಗಿ ಒಕ್ಕಲಲ್ಲದ ಹುಡುಗನ ಹುಬ್ಬು ಚೆನ್ನಾಗಿದೆ ಎಂದು ಅನ್ನಿಸಿದರೆ ಅದರಲ್ಲಿ ಯಾವ ತಪ್ಪೂ ಇರಲಿಲ್ಲ!

* * *

ಆಮೇಲಿನ ಭಾನುವಾರಗಳು ಹೇಗೆ ಹೋದವೋ ಬಿಂದುವಿಗೆ ತಿಳಿಯಲಿಲ್ಲ.

ಅವನು ಪುಟ ತಿರುವಿ ಸ್ಕ್ಯಾನ್ ಮಾಡುವುದು, ಇವಳು ಓದಿ ಟೈಪ್ ಮಾಡುವುದು. ಓದಲಾಗದ ಮೋಡಿ ಅಕ್ಷರ ಬಂದರೆ ಇಬ್ಬರೂ ತಲೆ ಬಗ್ಗಿಸಿ ನೋಡುವುದು. ಅವನು ಬರುವಾಗ ಬೇಯಿಸಿದ ಕಡಲೆಕಾಯಿ ತರುತ್ತಿದ್ದ. ಸಿಪ್ಪೆಯನ್ನು ಪುಸ್ತಕದ ಹತ್ತಿರ ಬೀಳದಂತೆ ಟವೆಲ್ಲಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದ.

ಒಂದು ಸಂಜೆ ಅವಳ ಬಸ್ಸು ಬರಲಿಲ್ಲ. ದಿಂಬಂ ಘಾಟಿಯಲ್ಲಿ ಲಾರಿ ಸಿಕ್ಕಿಕೊಂಡಿದೆಯಂತೆ. ಐದೂವರೆ ಆಯಿತು, ಆರಾಯಿತು. ಆನೆ ರಸ್ತೆಗೆ ಇಳಿಯುವ ಹೊತ್ತು.

'ಬೈಕಲ್ಲಿ ಬಿಡ್ತೀನಿ ಅನ್ನುತ್ತಾನೆ. ಬೇಡ ಅಂದರೆ ನೊಂದುಕೊಳ್ಳುತ್ತಾನೆ, ಹೂಂ ಅಂದರೆ ಊರು ಮಾತಾಡುತ್ತದೆ...' ಎಂದು ಅವಳು ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು.

ಅವನು ಹಾಗೆ ಕೇಳಲೇ ಇಲ್ಲ. ಫೋನ್ ಮಾಡಿ, ಕೋಸು ಕೊಯ್ಯಲು ಹೋಗಿದ್ದ ಹೆಂಗಸರನ್ನು ದೊಡ್ಡಗಾಜನೂರಿಗೆ ಕರೆದೊಯ್ಯುತ್ತಿದ್ದ ಆಟೋವನ್ನು ಗುಡಿಯ ಮುಂದೆ ತಿರುಗಿಸಿ ತರಿಸಿದ. ಅವಳು ಅವರ ನಡುವೆ ಕೂತಳು. ಆಟೋದ ಹಿಂದೆ ಅವಳೂರಿನ ತಿರುವಿನವರೆಗೂ ಒಂದು ಬೈಕಿನ ದೀಪ ಬರುತ್ತಲೇ ಇತ್ತು.

ಅವತ್ತು ಬಿಂದುವಿಗೆ ತನ್ನ ಮನಸ್ಸು ಎಲ್ಲಿಗೆ ಹೋಗಿದೆ ಎಂದು ಗೊತ್ತಾಯಿತು. ಇಂಥವನು ಜೊತೆಗಿದ್ದರೆ ಜೀವಕ್ಕೆ ಹೆದರಿಕೆ ಇರುವುದಿಲ್ಲ ಎನ್ನಿಸಿತು. ಅಷ್ಟೇ, ಅದಕ್ಕಿಂತ ದೊಡ್ಡ ಮಾತು ಅವಳಿಗೆ ಹೊಳೆಯಲಿಲ್ಲ.

"ಇನ್ನು ನಲವತ್ತು ಪುಟ ಅಷ್ಟೇ," ಎಂದ ಅವನು ಮುಂದಿನ ಭಾನುವಾರ.

"ಹೂಂ."

"ಮುಗಿದ ಮೇಲೂ ಭಾನುವಾರ ಬರ್ತೀರಾ?"

"ಯಾಕೆ?"

"ಸುಮ್ಕೆ..."

ಆ 'ಸುಮ್ಕೆ' ಎನ್ನುವ ಮಾತನ್ನು ಮೂರು ದಿನ ಅವಳು ಎದೆಯಲ್ಲಿಟ್ಟುಕೊಂಡು ತಿರುಗಿದಳು. ಏಳನೇ ಕ್ಲಾಸಿನ ಮಕ್ಕಳು "ಟೀಚರ್ ಯಾಕೆ ಇವತ್ತು ಬಯ್ಯಲೇ ಇಲ್ಲ?" ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟಿದರು.

ಗುರುವಾರ ಮಧ್ಯಾಹ್ನ, ಖಾಲಿ ಪೀರಿಯಡ್ಡಿನಲ್ಲಿ ಟೈಪ್ ಮಾಡುತ್ತಿದ್ದಾಗ, ಆ ಪುಟ ಬಂತು.

ರುದ್ರಸ್ವಾಮಿಯವರ ದುಂಡನೆಯ ಅಕ್ಷರ. *ನಂಜಪ್ಪ, ಸಿದ್ದಪ್ಪನ ಕೆಳಗೆ. ಮಹದೇವಪ್ಪ, ನಂಜಪ್ಪನ ಕೆಳಗೆ. ಚನ್ನಬಸವ, ಮಹದೇವಪ್ಪನ ಕೆಳಗೆ. ತಾಳವಾಡಿ, ಇ-ಸೇವೈ.*

ಬಿಂದುವಿನ ಬೆರಳು ನಿಂತುಹೋಯಿತು.

ಇಲ್ಲ... ಬೇರೆ ಯಾರೋ ಇರಬೇಕು. ಆದರೆ ತಾಳವಾಡಿಯಲ್ಲಿ ಇ-ಸೇವೈ ಇಟ್ಟುಕೊಂಡ ಇನ್ನೊಬ್ಬ ಚನ್ನಬಸವ ಎಲ್ಲಿದ್ದಾನೆ?

ಕೂಡಲೇ ಹುಡುಕಿಸಿದಳು. ಅವಳೇ ಕಟ್ಟಿದ ದಾರಿ ತಾನೆ, ಒಂದೇ ಏಟಿಗೆ ಉತ್ತರ ಬಂತು. ಅವಳ ಅಪ್ಪನ ಸಾಲು ಒಂದು ಚುಕ್ಕಿ ಮೂರು ಎಂದು ಶುರುವಾಗುತ್ತಿತ್ತು. ಅವನ ಅಪ್ಪನ ಸಾಲೂ ಒಂದು ಚುಕ್ಕಿ ಮೂರು ಎಂದೇ ಶುರುವಾಗುತ್ತಿತ್ತು. ಮೂರನೇ ಕವಲಿನ ಗುರುಮಲ್ಲಪ್ಪನಿಗೆ ಇಬ್ಬರು ಮಕ್ಕಳು. ದೊಡ್ಡವನು ರಾಚಪ್ಪ, ಅವಳ ಮುತ್ತಾತ. ಚಿಕ್ಕವನು ಸಿದ್ದಪ್ಪ, ಅವನ ಮುತ್ತಾತ. ಚುಕ್ಕಿಗಳನ್ನು ಎಣಿಸಿದಳು. ಅವಳಪ್ಪ, ಅವನಪ್ಪ ಒಂದೇ ಮೆಟ್ಟಿಲು. ಅಂದರೆ ಅಣ್ಣತಮ್ಮಂದಿರ ವರಸೆ.

ಅಂದರೆ... ಚನ್ನಬಸವ ಅವಳಿಗೆ ಅಣ್ಣ.

'ಒಕ್ಕಲಲ್ಲ ಅಂದಿದ್ದನಲ್ಲ! ಸುಳ್ಳು ಹೇಳಿದನಾ? ಇಲ್ಲ... ಪಾಪ, ಅವನಿಗೇ ಗೊತ್ತಿಲ್ಲವೇನೋ...'

ಕೇಳಬಹುದಿತ್ತಲ್ಲ ಎನ್ನುತ್ತೀರಿ. ಯಾರನ್ನು ಕೇಳುವುದು? ಅಪ್ಪನನ್ನೇ? ಹುಡುಗನೊಬ್ಬನ ವರಸೆ ಏನಾಗುತ್ತದೆ ಎಂದು ಮನೆಯ ಮಗಳು ಕೇಳಿದಳೆಂದರೆ, ಮದುವೆಯ ಮಾತನ್ನು ಅವಳೇ ಎತ್ತಿದಳು ಎಂದೇ ಅರ್ಥ. ಅವನನ್ನೇ ಕೇಳುವುದೆಂದರೆ ಇನ್ನೂ ಕಷ್ಟ. ಅಣ್ಣ ಎಂದು ತಿಳಿದ ಮೇಲೆ, ನಿನ್ನನ್ನು ಹೀಗೆ ಬಯಸಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು?

ಬೆಲ್ ಹೊಡೆಯಿತು. ಅವಳು ಸಾಲನ್ನು ಉಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ಕ್ಲಾಸಿಗೆ ಹೋದಳು.

* * *

ಭಾನುವಾರ ಅವನು ಎಂದಿನಂತೆ ಕಡಲೆಕಾಯಿ ತಂದಿದ್ದ. ಬಿಂದು ಮುಟ್ಟಲಿಲ್ಲ.

"ಹುಷಾರಿಲ್ವಾ ಟೀಚರ್?"

"ಚೆನ್ನಾಗೇ ಇದ್ದೀನಿ. ಆ ಪುಟ ಕೊಡಿ... ಅಣ್ಣಾ."

ಅವನ ಕೈ ಹಾಗೇ ನಿಂತಿತು.

"ಏನಂದ್ರಿ?"

"ಪುಟ ಕೊಡಿ ಅಂದೆ."

"ಅದಲ್ಲ... ಆಮೇಲೆ ಅಂದಿದ್ದು?"

ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಕಣ್ಣು ಎಲ್ಲವನ್ನೂ ಹೇಳಿಬಿಡುತ್ತಿತ್ತು. ಅವನು ಪುಟ ಕೊಟ್ಟ. ಮಿಕ್ಕ ಹೊತ್ತೆಲ್ಲ ಸ್ಕ್ಯಾನರಿನ ಸದ್ದು ಬಿಟ್ಟರೆ ಪಡಸಾಲೆಯಲ್ಲಿ ಬೇರೆ ಸದ್ದಿರಲಿಲ್ಲ.

ಹುಡುಗಿ ಅಣ್ಣ ಎಂದರೆ ಅಷ್ಟಕ್ಕೇ ಇರು ಎಂದು ಅರ್ಥ. ಅದು ತಿಳಿಯದಷ್ಟು ದಡ್ಡನಲ್ಲ ಅವನು. 'ನಾನೇ ಏನೇನೋ ಅಂದುಕೊಂಡೆ. ಭಾನುವಾರ ಬರ್ತೀರಾ ಅಂತ ಕೇಳಿದ್ದು ಅವಳಿಗೆ ಇಷ್ಟವಾಗಿಲ್ಲ. ಮರ್ಯಾದೆಯಿಂದ ಹೇಳಿದ್ದಾಳೆ, ಮರ್ಯಾದೆಯಿಂದ ಸರಿದುಕೊಳ್ಳಬೇಕು' ಎಂದುಕೊಂಡ.

ಮುಂದಿನ ವಾರ ಅವನು ಬರಲಿಲ್ಲ. ಫೋನಿಗೆ ಪುಟಗಳು ಬಂದವು, ಕೆಳಗೆ ಒಂದು ಸಾಲು. *ಬಾಕಿ ಪುಟ ಕಳಿಸಿದ್ದೀನಿ ತಂಗಿ.*

ಆ ಒಂದು ಪದ ನೋಡಿ ಬಿಂದು ಹಿತ್ತಿಲಿಗೆ ಹೋಗಿ ಅತ್ತಳು. ತಾನೇ ಶುರುಮಾಡಿದ ಮಾತು. ಯಾರನ್ನು ದೂರುವುದು?

ದಿನಗಳು ಹೋದವು. ಕೆಲಸ ಮಾತ್ರ ನಿಲ್ಲಲಿಲ್ಲ. ಆರುನೂರು ಒಲೆ, ಎಂಟು ತಲೆಮಾರು, ಎಲ್ಲವೂ ಒಳಗೆ ಹೋದವು.

"ಮುಗೀತು ತಾತ," ಎಂದಳು ಒಂದು ದಿನ.

"ಎಲ್ ಮುಗೀತವ್ವ?" ಎಂದರು ರುದ್ರಸ್ವಾಮಿ. "ಬರ್ದೋರೆಲ್ಲ ಗಂಡಸ್ರು. ಮನೆ ಒಳ್ಗಿನ್ ಸಂಗ್ತಿ ಗೊತ್ತಿರೋದು ಎಂಗಸ್ರಿಗೆ. ಒಂದೊಂದ್ ಕವಲಿಂದ್ಲೂ ವಯಸ್ಸಾದ ಅಜ್ಜೀರ್ನ ಕರ್ಸ್ತೀನಿ, ಅವರವರ ಕವಲ ನೀನು ಓದಿ ಹೇಳು. ಅವ್ರು ಸರಿ ಅಂದ್ಮೇಲೆ ಮುಗೀತು ಅನ್ನು."

ಹೀಗೆ ಆರಂಭವಾಯಿತು ಅಜ್ಜಿಯರ ಸರದಿ. ದಿನಕ್ಕೆ ಮೂರು ನಾಲ್ಕು ಮಂದಿ. ಸತ್ತುಹೋದ ಮಕ್ಕಳ ಹೆಸರು ಕೇಳಿ ಕಣ್ಣೊರೆಸಿಕೊಂಡವರಿದ್ದರು. "ಅವ್ನು ನನ್ನ ಮೈದುನ, ಅವನೆಸರ ಮೊದ್ಲು ಯಾಕ್ ಬರ್ದೆ?" ಎಂದು ಜಗಳಕ್ಕೆ ಬಂದವರೂ ಇದ್ದರು.

ಮೂರನೇ ಕವಲಿನ ಸರದಿ ಬಂದ ದಿನ, ಬೈಕಿನಿಂದ ಒಬ್ಬ ಅಜ್ಜಿ ಇಳಿದಳು. ಬಿಳಿ ಕೂದಲು, ಮೂಗಿಗೆ ಎರಡೂ ಕಡೆ ಬೊಟ್ಟು, ಎಂಬತ್ತಾದರೂ ನೆಟ್ಟಗಿನ ಬೆನ್ನು. ಅಜ್ಜಿಯನ್ನು ಇಳಿಸಿದ್ದೇ ಬೈಕು ಹೊರಟುಹೋಯಿತು. ಬಿಂದು ಅದರ ಹಿಂದೆಯೇ ನೋಡುತ್ತಾ ನಿಂತಳು.

"ನನ್ನೆಸ್ರು ಶಿವನಂಜಮ್ಮ ಕಣವ್ವ. ಚನ್ನಬಸವ ನನ್ನ ಮೊಮ್ಮಗ," ಎಂದಳು ಅಜ್ಜಿ, ಚಾಪೆಯ ಮೇಲೆ ಕಾಲು ನೀಡಿ. "ಯೋಳು, ಏನ್ ಬರ್ದಿದ್ದೀಯೆ ನಮ್ಮನೇದು?"

ಬಿಂದು ಆ ಸಾಲನ್ನು ತೆರೆದಳು. ಇದೊಂದು ಓದಿಬಿಟ್ಟರೆ ಆಯಿತು.

"ಗುರುಮಲ್ಲಪ್ಪನವರ ಎರಡನೇ ಮಗ ಸಿದ್ದಪ್ಪ."

"ನಮ್ಮಪ್ಪ. ಸರಿ."

"ಸಿದ್ದಪ್ಪನವರ ಮಗ ನಂಜಪ್ಪ..."

"ಏನಂದೆ?"

"ಸಿದ್ದಪ್ಪನವರ ಮಗ ನಂಜಪ್ಪ ಅಂತ."

ಶಿವನಂಜಮ್ಮ ಬಾಯಿ ತೆರೆದು ಅವಳನ್ನೇ ನೋಡಿದಳು. ಆಮೇಲೆ ತೊಡೆ ತಟ್ಟಿಕೊಂಡು ನಗತೊಡಗಿದಳು. ಪಡಸಾಲೆಯೆಲ್ಲ ಕೇಳುವ ನಗು.

"ಅಯ್ಯೋ ನನ್ ಶಿವ್ನೇ! ನಂಜಪ್ಪ ನಮ್ಮಪ್ಪನ ಮಗನಾ? ನನ್ನ ಗಂಡ ಕಣವ್ವ ಅದು! ಐವತ್ತೊರ್ಸ ಬಾಳಾಟ ಮಾಡಿದ್ ಗಂಡನ್ನ ನಂಗೆ ಅಣ್ಣ ಮಾಡಿ ಕೂರಿಸ್ಬುಟ್ಯಲ್ಲ!"

"ಏನು... ಗಂಡ?"

"ಗಂಡ್ನೇಯ! ನಮ್ಮಪ್ಪಂಗೆ ಗಂಡು ಮಕ್ಳಿರ್ನಿಲ್ಲ. ನಾನೊಬ್ಳೇ. ಅದ್ಕೇ ಅವ್ರು ಮನೆವಾಳ್ತನಕ್ಕೆ ಬಂದ್ರು. ಮನೆ ಅಳಿಯ. ಅವ್ರ ಗುಡಿ ಬ್ಯಾರೆ, ದೇವ್ರು ಬ್ಯಾರೆ. ನನ್ ಮಕ್ಳು ಮೊಮ್ಮಕ್ಳು ಅವ್ರ ಗುಡಿಗೇ ಒಕ್ಕಲು. ಇಲ್ಲಿಗೆ ನಮ್ಮಪ್ಪನ ಒಲೆ ಎಡೆ ಒಂದ್ ತತ್ತೀವಿ, ಅಷ್ಟೇಯ."

ಬಿಂದು ರುದ್ರಸ್ವಾಮಿಯವರತ್ತ ತಿರುಗಿದಳು.

"ತಾತ... ನೀವೇ ಬರ್ದಿದ್ದಲ್ವಾ ಇದು? ಸಿದ್ದಪ್ಪನ ಕೆಳಗೆ ನಂಜಪ್ಪ ಅಂತ?"

"ಊಂ, ಸರಿಯಾಗೇ ಬರ್ದಿದ್ದೀನಲ್ಲ," ಎಂದರು ಅವರು ಮುಗ್ಧವಾಗಿ. "ಇದು ಒಲೆ ಪುಸ್ತಕ ಕಣವ್ವ. ಒಲೆ ಆರ್ಬಾರ್ದು, ಎಡೆ ತಪ್ಪಬಾರ್ದು, ಅಷ್ಟೇ ಇದ್ರ ಲೆಕ್ಕ. ಮನೆ ಅಳಿಯ ಬಂದ್ರೆ ಆ ಒಲೆಗೆ ಅವ್ನೇ ಮಗ. ಅಂಗೇ ಬರ್ಕೊಂಡ್ ಬಂದಿರೋದು. ಅದು ಎಲ್ರಿಗೂ ಗೊತ್ತಿರೋದೇ ಅಲ್ವಾ?"

ಎಲ್ಲರಿಗೂ ಗೊತ್ತಿತ್ತು. ಅಳಿಯನೆಂದು ಬೇರೆ ಬರೆಯಬೇಕೆಂದು ಯಾರಿಗೂ ಅನ್ನಿಸದಷ್ಟು ಗೊತ್ತಿತ್ತು! ಗೊತ್ತಿಲ್ಲದಿದ್ದದ್ದು ಕಂಪ್ಯೂಟರಿಗೆ ಮತ್ತು ಅದನ್ನು ನಂಬಿ ಕೂತ ಬಿಂದುವಿಗೆ.

"ನೀನ್ಯಾರ ಮನೆ ಮಗ್ಳವ್ವ?" ಎಂದಳು ಶಿವನಂಜಮ್ಮ.

"ದೊಡ್ಡಗಾಜನೂರು... ರಾಚಪ್ಪನವರ ಮನೆ."

"ದೊಡ್ಡಪ್ಪನ ಮನೇವ್ಳಾ! ಅಂಗಾದ್ರೆ ನಿಮ್ ತಾತ ನಂಗೆ ಅಣ್ಣ ಆಗ್ಬೇಕು. ನಾನ್ ತಂಗಿ. ಅಣ್ಣನ ಮಗ ನಿಮ್ಮಪ್ಪ, ತಂಗಿ ಮಗ ನನ್ ಮಗ..." ಅಜ್ಜಿ ಬೆರಳು ಮಡಿಚಿ ಎಣಿಸಿದಳು. "ಅಂದ್ರೆ ನಮ್ ಚನ್ನಬಸವ ನಿಂಗೆ ಬಾವ ಆಯ್ತಾನೆ."

ಬಿಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

"ಯಾಕವ್ವ? ಯಾಕಳ್ತೀಯೆ?" ಅಜ್ಜಿ ಗಾಬರಿಯಾದಳು. "ಬಾವ ಅಂದ್ರೆ ಅಳೋವಂಥ ಕೆಟ್ಟೋನಲ್ಲ ಕಣವ್ವ ನನ್ ಮೊಮ್ಮಗ!"

ಆಮೇಲೆ ಬಗ್ಗಿ ಅವಳನ್ನೇ ನೋಡಿದಳು. ಎಂಬತ್ತು ವರ್ಷ ಲೋಕ ನೋಡಿದ ಕಣ್ಣು ಅದು. ಇಪ್ಪತ್ತು ದಿನದಿಂದ ಮನೆಯಲ್ಲಿ ಮೊಮ್ಮಗ ಸರಿಯಾಗಿ ಮುದ್ದೆ ಮುಟ್ಟದೆ ಏಳುತ್ತಿದ್ದದ್ದೂ ಅವಳಿಗೆ ಗೊತ್ತಿತ್ತು. ಮೆಲ್ಲನೆ ಬಿಂದುವಿನ ತಲೆ ಸವರಿದಳು. ಇನ್ನೊಂದು ಮಾತೂ ಕೇಳಲಿಲ್ಲ.

* * *

ನಾಲ್ಕು ಗಂಟೆಗೆ ಬೈಕು ಬಂತು.

"ಅಜ್ಜಿ, ಬೈಕ್ ಅತ್ತು, ಹೋಗೋಣ," ಎಂದ ಚನ್ನಬಸವ ಅಂಗಳದಿಂದಲೇ.

"ತಡಿ ಕಣ್ಲಾ, ದೇವ್ರಿಗೆ ಕೈ ಮುಗ್ದು ಬತ್ತೀನಿ," ಎಂದು ಅಜ್ಜಿ ರುದ್ರಸ್ವಾಮಿಯವರ ತೋಳು ಹಿಡಿದು ಒಳಗೆ ನಡೆದಳು. ಬಂದಾಗಿನಿಂದ ಮೂರು ಸಲ ಕೈ ಮುಗಿದಾಗಿತ್ತು, ಇದು ನಾಲ್ಕನೆಯದು.

"ಒಂದ್ನಿಮಿಷ ಇಲ್ಲಿ ಬನ್ನಿ," ಎಂದಳು ಬಿಂದು.

"ಏನು ಹೇಳಿ ತಂಗಿ."

"ಹಂಗನ್ನಬೇಡಿ!"

ಅವಳ ದನಿ ಒಡೆದಿತ್ತು. ಅವನು ಚಪ್ಪಲಿ ಬಿಟ್ಟು ಪಡಸಾಲೆ ಹತ್ತಿದ. ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಸಿದ್ದಪ್ಪನ ಕೆಳಗೆ ನಂಜಪ್ಪ, ನಂಜಪ್ಪನ ಕೆಳಗೆ ಮಹದೇವಪ್ಪ, ಮಹದೇವಪ್ಪನ ಕೆಳಗೆ ಚನ್ನಬಸವ. ಪಕ್ಕದಲ್ಲಿ ಅವಳಪ್ಪನ ಸಾಲು.

ಅವನು ಓದಿದ. ಇನ್ನೊಮ್ಮೆ ಓದಿದ. ಅರ್ಥವಾದಾಗ ಅವನ ಮುಖದ ಬಿಗುವು ಕಳಚಿತು, ಆದರೆ ನಗು ಬರಲಿಲ್ಲ.

"ಇದನ್ನ ನೋಡಿ... ಅಣ್ಣ ಅಂದ್ರಾ?"

"ಹೂಂ."

"ನಮ್ಮ ತಾತ ಮನೆ ಅಳಿಯ ಅಂತ ತಾಳವಾಡಿ ಟೀ ಅಂಗ್ಡಿಯವನಿಗೂ ಗೊತ್ತು. ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

"ಹುಡುಗನ ಹತ್ರ ವರಸೆ ಕೇಳಿದ್ರೆ ಏನರ್ಥ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು." ಅವನು ಅವಳನ್ನೇ ನೋಡಿದ. "ಅದಕ್ಕೇ ಕೇಳ್ಬೇಕಿತ್ತು."

ಬಿಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಇಪ್ಪತ್ತು ದಿನ ಆಯ್ತು," ಎಂದ ಅವನು. "ಅಂಗಡೀಲಿ ಕೂತು ಯೋಚ್ನೆ ಮಾಡ್ತಿದ್ದೆ. ನಾನೇನು ತಪ್ಪು ಮಾತಾಡ್ದೆ, ಎಲ್ಲಿ ಜಾಸ್ತಿ ಸಲಿಗೆ ತಗೊಂಡೆ ಅಂತ. ಒಬ್ಬರ ಆಧಾರ್ ಕಾರ್ಡಿಗೆ ಇನ್ನೊಬ್ಬರ ವಿಳಾಸ ಹಾಕ್ಬುಟ್ಟೆ."

"ನೀವಾದ್ರೂ ಯಾಕೆ ಅಂತ ಕೇಳ್ಬಹುದಿತ್ತಲ್ಲ!"

"ಅಣ್ಣ ಅಂದ್ಮೇಲೆ ಇನ್ನೇನ್ ಕೇಳೋದು?"

ಇಬ್ಬರಿಗೂ ಒಟ್ಟಿಗೇ ನಗು ಬಂತು. ಬಿಂದುವಿನದು ಅರ್ಧ ಅಳುವೇ.

"ತಪ್ಪಾಯ್ತು," ಎಂದಳು ಅವಳು. "ಬರ್ದಿರೋದನ್ನ ನಂಬಿದೆ. ಎದುರಿಗೆ ಕೂತಿದ್ದ ನಿಮ್ಮನ್ನ ಕೇಳ್ಲಿಲ್ಲ. ನನ್ನ ಮನ್ಸಲ್ಲಿ ಏನಿದೆ ಅಂತ ನಿಮಗೆ ತಿಳಿದುಬಿಡ್ತದಲ್ಲ ಅಂತ ಹೆದರಿಕೆ. ಈಗ ಹೆದರಿಕೆ ಇಲ್ಲ. ನನಗೆ ನೀವು ಬೇಕು."

ಹೇಳಿಬಿಟ್ಟಳು!

ಅವನು ಪರದೆಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ಮಣೆಯನ್ನು ಇಬ್ಬರ ನಡುವೆ ಎಳೆದುಕೊಂಡ.

"ಇಂಥ ಮನೆ ಅಳಿಯಂದಿರು ಇನ್ನೆಷ್ಟು ಜನ ಅವ್ರೆ?"

"ಎಂಟೋ ಹತ್ತೋ ಇರಬಹುದು ಅಂತಾರೆ ತಾತ."

"ಅವರ ಕೆಳಗಿನವರೆಲ್ಲ ತಪ್ಪು ಕವಲಲ್ಲಿ ಅವ್ರೆ. ಯಾವ್ಯಾವ ಹುಡುಗಿ ಯಾವ್ಯಾವ ಬಾವನ್ನ ಅಣ್ಣ ಅಂತ ಕೂತಿದ್ದಾಳೋ! ಬಿಚ್ಚಿ ಕಟ್ಟಬೇಕು."

'ಅವತ್ತೇ ಹೇಳಿದ್ದೆ ಅಂತ ಈಗ ಅನ್ನುತ್ತಾನೆ' ಎಂದು ಬಿಂದು ಕಾದಳು. ಅವನು ಅನ್ನಲಿಲ್ಲ.

"ನಿಮ್ಮ ದಾರಿ ಇರ್ಲಿ," ಎಂದ. "ಸೋಮವಾರ ಯಾರದು ಅಂತ ಹುಡುಕೋಕೆ ಅದಕ್ಕಿಂತ ಬೇಗ ಯಾವುದೂ ಇಲ್ಲ. ಅದನ್ನ ಒಲೆಗೆ ಮಾತ್ರ ಮಡಗೋಣ. ಹುಟ್ಟು, ಮದುವೆ ಇವೆರಡಕ್ಕೆ ಬೇರೆ ಟೇಬಲ್ಲು."

"ನಿಮ್ಮದೂ ನಂದೂ ಎರಡೂ?"

"ಎರಡೂ ಬೇಕು."

ಅವಳು ಹೊಸ ಟೇಬಲ್ ಬರೆದಳು. ಒಬ್ಬರು, ಇನ್ನೊಬ್ಬರು, ಯಾವ ಸಂಬಂಧ. ಅಜ್ಜಿಯ ಹೆಸರು ಆ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. ಈಗ ಮೊದಲ ಸಾಲಾಗಿ ಬಂತು. *ಶಿವನಂಜಮ್ಮ, ಸಿದ್ದಪ್ಪ, ಮಗಳು.* ಎರಡನೆಯದು, *ಶಿವನಂಜಮ್ಮ, ನಂಜಪ್ಪ, ಮದುವೆ.* ನಂಜಪ್ಪನ ಮಗನಾಗಿ ಮಹದೇವಪ್ಪ, ಅವನ ಮಗನಾಗಿ ಚನ್ನಬಸವ. ಪರದೆಯ ಮೇಲಿನ ವಂಶವೃಕ್ಷದಲ್ಲಿ ಒಂದು ಕೊಂಬೆ ಮೆಲ್ಲಗೆ ಸರಿದು ತನ್ನ ಜಾಗಕ್ಕೆ ಹೋಗಿ ಕೂತಿತು.

ಒಳಗಿನಿಂದ ಅಜ್ಜಿಯ ಮಾತು, ರುದ್ರಸ್ವಾಮಿಯವರ ಕೆಮ್ಮು ಕೇಳುತ್ತಿತ್ತು. ಹೊರಗೆ ಬೆಳ್ಳುಳ್ಳಿ ಹೊಲದ ಮೇಲೆ ಬಿಸಿಲು ಇಳಿಯುತ್ತಿತ್ತು.

"ಒಂದು ಕೇಳ್ಲಾ ಬಿಂದು?"

ಟೀಚರ್ ಅಲ್ಲ, ತಂಗಿ ಅಲ್ಲ. ಮೊದಲ ಸಲ ಹೆಸರು. ಅವಳು ತಲೆ ಎತ್ತಿದಳು.

"ಕೇಳಿ."

"ಇವತ್ತು ಅಜ್ಜಿ ಇಲ್ಲಿಗೆ ಬರದೇ ಇದ್ದಿದ್ರೆ? ನಾನು ನಿಜವಾಗ್ಲೂ ಅಣ್ಣನ ವರಸೆಯೇ ಆಗಿದ್ರೆ ಏನ್ ಮಾಡ್ತಿದ್ರಿ?"

ಆ ಇಪ್ಪತ್ತು ದಿನ ತನ್ನನ್ನೇ ತಾನು ಕೇಳಿಕೊಂಡ ಪ್ರಶ್ನೆಯೇ ಅದು. ಉತ್ತರ ಅವಳ ಹತ್ತಿರ ಇತ್ತು.

"ಏನೂ ಮಾಡ್ತಿರ್ಲಿಲ್ಲ. ಈ ಕೆಲ್ಸ ಮಾಡ್ಕೊಂಡು ಇರ್ತಿದ್ದೆ. ಹುಟ್ಟಿದವರನ್ನ, ಹೋದವರನ್ನ ಬರ್ಕೊಂಡು... ಆದ್ರೆ ಮದುವೆ ಅಂತ ನಿಮ್ಮ ಹೆಸರಿನ ಪಕ್ಕ ಇನ್ನೊಂದು ಹೆಸರು ಬರೀಬೇಕಾದ ದಿನ, ಅವತ್ತೊಂದಿನ ಮಾತ್ರ ಈ ಕೆಲ್ಸ ಬೇರೆಯವರಿಗೆ ಕೊಟ್ಬಿಡ್ತಿದ್ದೆ."

ಚನ್ನಬಸವನ ಕಣ್ಣು ತುಂಬಿಬಂತು. ಮುಚ್ಚಿಕೊಳ್ಳಲು ಹೋಗಲಿಲ್ಲ.

"ಬೇರೆಯವರಿಗೆ ಕೊಡ್ಬೇಡಿ," ಎಂದ. "ನೀವೇ ಬರೀರಿ."

"ಯಾರ ಹೆಸರು?"

"ಬರೆಯೋರ ಹೆಸರು."